ಅಕ್ಕನ ಕಾಮೆಂಟು

ಹೊಸ ಫ್ಲೆಕ್ಸ್ ಬ್ಯಾನರಿನ ವಾಸನೆ ನಿಮಗೂ ಗೊತ್ತಿರಬಹುದು. ಸುರುಳಿ ಬಿಚ್ಚಿದ ಕೂಡಲೇ ಮೂಗಿಗೆ ಅಡರುತ್ತದೆ. ಸೀಮೆಎಣ್ಣೆಯೂ ಅಲ್ಲ, ಪೇಂಟೂ ಅಲ್ಲ, ಎರಡರ ನಡುವಿನದು. ಮೊನ್ನೆ ಬೆಂಗಳೂರಿನ ನಮ್ಮ ಬೀದಿಯ ತಿರುವಿನಲ್ಲಿ ಯಾರದೋ ಹುಟ್ಟುಹಬ್ಬಕ್ಕೆ ಇಬ್ಬರು ಏಣಿ ಹಾಕಿಕೊಂಡು ಬ್ಯಾನರು ಕಟ್ಟುತ್ತಿದ್ದರು. ಗಾಳಿ ಈ ಕಡೆಗಿತ್ತು. ವಾಸನೆ ಬಂತು. ಬಂದ ತಕ್ಷಣ ನನಗೆ ಹಸಿವಾಯಿತು.

ಅದರಲ್ಲಿ ವಿಶೇಷವೇನಿಲ್ಲ. ಕಡೂರಿನಲ್ಲಿ ಒಂದು ವರ್ಷ ಪೂರ್ತಿ ನಾನು ಮಧ್ಯಾಹ್ನದ ಊಟ ಮಾಡಿದ್ದು ಫ್ಲೆಕ್ಸ್ ಪ್ರಿಂಟ್ ಮಾಡುವ ಮಷೀನಿನ ಪಕ್ಕದಲ್ಲಿ. ಮುದ್ದೆ ಮುರಿಯುವಾಗಲೂ ಅದೇ ವಾಸನೆ, ಮಜ್ಜಿಗೆ ಕುಡಿಯುವಾಗಲೂ ಅದೇ ವಾಸನೆ. ಮೂಗು ಹೊಟ್ಟೆಗೆ ಏನು ಹೇಳಿಕೊಟ್ಟಿತೋ, ಹೊಟ್ಟೆ ಇನ್ನೂ ಮರೆತಿಲ್ಲ.

ಅಂಗಡಿಯ ಹೆಸರು ಗಿರಿಜಾ ಗ್ರಾಫಿಕ್ಸ್. ಬಸ್ ಸ್ಟ್ಯಾಂಡಿನಿಂದ ಸ್ಟೇಷನ್ನಿನ ಕಡೆ ನಡೆದರೆ ಬಲಕ್ಕೆ, ಬೀಡಾ ಅಂಗಡಿ ದಾಟಿದ ಮೇಲೆ. ಗಿರಿಜ ಅಂದರೆ ನಮ್ಮಕ್ಕ. ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅಪ್ಪ ಅಮ್ಮನನ್ನು ಬೇಗ ಕಳೆದುಕೊಂಡ ನಮ್ಮಿಬ್ಬರನ್ನು ಸಾಕಿದ್ದು ಅಜ್ಜಂಪುರದ ಅಜ್ಜ ಅಜ್ಜಿ. ಅಜ್ಜ ತರೀಕೆರೆಯ ತಾಲ್ಲೂಕು ಕಚೇರಿ ಜಗಲಿಯಲ್ಲಿ ಕೂತು ಜನಕ್ಕೆ ಅರ್ಜಿ ಬರೆದುಕೊಡುತ್ತಿದ್ದ. ದಿನಾ ಬೆಳಿಗ್ಗೆ ಬಸ್ಸು ಹತ್ತಿ ಹೋಗಿ, ಸಂಜೆ ಬಂದು, ಅವತ್ತು ಬರೆದ ಅರ್ಜಿಯನ್ನೆಲ್ಲ ಅಜ್ಜಿಗೆ ಒಪ್ಪಿಸುತ್ತಿದ್ದ. ಅಜ್ಜಿ ಸೊಪ್ಪು ಸೋಸುತ್ತಾ, "ಅಲ್ಲಾ, ಆ ಹೆಣ್ಣುಮಗಳು ಅತ್ತಳು ಅಂತೀರಿ, ಅರ್ಜೀಲಿ ಅದು ಎಲ್ಲಿ ಬಂತು?" ಅಂತ ಕೇಳುತ್ತಿದ್ದಳು. "ಅಮಲ್ದಾರರಿಗೆ ಅಳು ಬೇಡ ಕಣೇ, ಖಾತೆ ನಂಬರ್ ಬೇಕು," ಅನ್ನುತ್ತಿದ್ದ ಅಜ್ಜ. ನನಗೂ ಅಕ್ಕನಿಗೂ ಮಾತು ಬಂದದ್ದು ಈ ಜಗಳದಿಂದ. ನಾನು ಅಜ್ಜನ ಕಡೆ ಹೋದೆ. ಅಕ್ಕ ಅಜ್ಜಿಯ ಕಡೆ ಉಳಿದಳು.

ಅಕ್ಕ ಮದುವೆಯಾಗಿ ಕಡೂರಿಗೆ ಬಂದಳು. ನಾಗರಾಜ ಭಾವ ಅವಳ ಹೆಸರಲ್ಲೇ ಅಂಗಡಿ ಇಟ್ಟ. ಭಾವ ಗಿರಾಕಿ ನೋಡಿಕೊಳ್ಳುತ್ತಿದ್ದ, ಅಕ್ಕ ಕಂಪ್ಯೂಟರಿನಲ್ಲಿ ಕಂಪೋಸ್ ಮಾಡುತ್ತಿದ್ದಳು, ಡಿಸೈನು ಮತ್ತು ಮಷೀನು ನಯಾಜನದು. ಮದುವೆ, ಗೃಹಪ್ರವೇಶ, ಬೋರ್‌ವೆಲ್ ಲಾರಿಯವರ ಜಾಹೀರಾತು, ಹೆಚ್ಚಾಗಿ ಶ್ರದ್ಧಾಂಜಲಿ. ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಶಿವಗಣಾರಾಧನೆಯ ದಿನಕ್ಕೆ ಬೀದಿ ಮೂಲೆಯಲ್ಲಿ ಅವರದೊಂದು ಫ್ಲೆಕ್ಸ್ ಏಳಲೇಬೇಕು. ವರ್ಷ ತುಂಬಿದಾಗ ಇನ್ನೊಂದು. ಅದಿಲ್ಲದಿದ್ದರೆ ಹೋದವರು ಪೂರ್ತಿ ಹೋಗಿಲ್ಲ ಅನ್ನೋ ಹಾಗೆ ಜನ ನೋಡುತ್ತಾರೆ.

ನಾನು ಬೆಂಗಳೂರಿನಲ್ಲಿ ಮೊಬೈಲ್ ಆ್ಯಪುಗಳಿಗೆ ಕನ್ನಡ ಬರೆಯುವ ಕೆಲಸದಲ್ಲಿದ್ದೆ. 'ನಿಮ್ಮ ಆರ್ಡರ್ ದಾರಿಯಲ್ಲಿದೆ', 'ಏನೋ ತಪ್ಪಾಗಿದೆ, ಮತ್ತೊಮ್ಮೆ ಪ್ರಯತ್ನಿಸಿ' ಅಂತೆಲ್ಲ ಬರುತ್ತದಲ್ಲ, ಅದನ್ನು ಬರೆಯುವುದಕ್ಕೂ ಮನುಷ್ಯರು ಬೇಕು. ಬಿಡುವಿನಲ್ಲಿ ಒಂದು ಬ್ಲಾಗು. ಹೆಸರು 'ಪಕ್ಕದ ಸೀಟು'. ಬಸ್ಸಿನಲ್ಲಿ, ಮೆಟ್ರೋದಲ್ಲಿ, ಪೀಜಿಯಲ್ಲಿ ಪಕ್ಕ ಕೂತವರ ಬಗ್ಗೆ ಬರೆಯುತ್ತಿದ್ದೆ. ಪೀಜಿಯ ಫ್ರಿಜ್ಜಿನಲ್ಲಿ ಮೊಸರಿನ ಪ್ಯಾಕೆಟ್ಟಿನ ಮೇಲೆಲ್ಲ ಹೆಸರು ಬರೆದಿಡುವುದು, ಹೆಸರಿದ್ದರೂ ಮೊಸರು ಮಾಯವಾಗುವುದು, ಇಂಥವು. ಬ್ಲಾಗ್ ಬರೆಯುವವರೇ ಬ್ಲಾಗ್ ಓದುವ ಕಾಲ ಅದು. ನಾವು ಇಪ್ಪತ್ತು ಮೂವತ್ತು ಜನ ಒಬ್ಬರಿಗೊಬ್ಬರು 'ಸೊಗಸಾಗಿದೆ' ಅಂತ ಬರೆದುಕೊಂಡು ಸುಖವಾಗಿದ್ದೆವು.

ಅದರ ನಡುವೆ ಅಕ್ಕ. ಪ್ರತಿ ಬರಹದ ಕೆಳಗೂ ಅವಳ ಕಾಮೆಂಟು ಒಂದೇ: "ಓದಿದೆ. ಊಟ ಆಯ್ತಾ?"

ಬೆಂಗಳೂರಿನ ಒಂಟಿತನದ ಬಗ್ಗೆ ನಾಲ್ಕು ಪುಟ ಕೊರೆದಿದ್ದೇನೆ ಅಂದುಕೊಳ್ಳಿ. ಕೆಳಗೆ ಒಬ್ಬರು 'ಕಾಡುವ ಬರಹ' ಅಂದಿದ್ದಾರೆ. ಅದರ ಕೆಳಗೆ, "ಓದಿದೆ. ಊಟ ಆಯ್ತಾ?" ಒಂದು ಸಲ ನಮ್ಮ ಗುಂಪಿನವರೊಬ್ಬರು ತಮಾಷೆಗೆ ಬರೆದರು, "ಇದು ಬ್ಲಾಗೋ, ಅನ್ನಛತ್ರವೋ?" ಎಲ್ಲರೂ ನಕ್ಕರು. ನಾನೂ ನಕ್ಕೆ. ಅವತ್ತೇ ಬ್ಲಾಗಿಗೆ ಒಂದು ಚಿಲಕ ಹಾಕಿದೆ. ಯಾರು ಏನು ಬರೆದರೂ ಅದು ಮೊದಲು ನನ್ನ ಬಳಿ ಬಂದು ಕಾಯಬೇಕು, ನಾನು 'ಪ್ರಕಟಿಸಿ' ಅಂತ ಒತ್ತಿದ ಮೇಲೆಯೇ ಹೊರಗಿನವರಿಗೆ ಕಾಣಬೇಕು. ಬೇರೆಯವರದನ್ನೆಲ್ಲ ಒತ್ತುತ್ತಿದ್ದೆ. ಅಕ್ಕನದನ್ನು ಮಾತ್ರ ಒತ್ತುತ್ತಿರಲಿಲ್ಲ. ಪಟ್ಟಿಯಲ್ಲಿ ಮೊದಲ ಮೂರು ಪದ ಕಾಣುತ್ತಿತ್ತು, "ಓದಿದೆ. ಊಟ ಆಯ್ತಾ..." ಅಂತ. ಅಷ್ಟು ಸಾಕಲ್ಲ, ತೆರೆಯುತ್ತಲೂ ಇರಲಿಲ್ಲ.

ಸ್ವಲ್ಪ ದಿನಕ್ಕೆ ಅಕ್ಕ ಫೋನ್ ಮಾಡಿದಳು. "ಲೇ ಪುಟ್ಟ, ನಾನ್ ಬರ್ದಿದ್ದು ಕಾಣ್ತಾನೇ ಇಲ್ವಲ್ಲೋ?"

"ಸರ್ವರ್ ಪ್ರಾಬ್ಲಂ ಅಕ್ಕ."

"ಬೇರೆಯೋರ್ದು ಕಾಣ್ತದೆ?"

"ಕೆಲವ್ರಿಗೆ ಹಂಗಾಗ್ತದೆ."

"ಹೂಂ, ಆಗ್ಲಿ ಬಿಡು," ಅಂದಳು. "ಊಟ ಆಯ್ತಾ?"

ಅದಾದ ಮೇಲೂ ಬರೆಯುವುದನ್ನು ನಿಲ್ಲಿಸಲಿಲ್ಲ. ನಾನು ಒಂದು ಹಾಕಿದರೆ ಅವಳದೊಂದು ಬಂದು ಕಾಯುತ್ತಿತ್ತು.

ಕೊರೋನದ ಎರಡನೇ ಸಲದ ವೈಶಾಖದಲ್ಲಿ ಅಕ್ಕ ತೀರಿಕೊಂಡಳು. ನಾನು ಹೋಗಲಾಗಲಿಲ್ಲ. ಮಣ್ಣು ಮಾಡುವುದನ್ನು ನಯಾಜ್ ದೂರದಲ್ಲಿ ನಿಂತು ಮೊಬೈಲಿನಲ್ಲಿ ತೋರಿಸಿದ. ಬಿಳಿ ಅಂಗಿಯವರು ನಾಲ್ಕು ಜನ ಕಾಣುತ್ತಿದ್ದರು. ನೆಟ್‌ವರ್ಕ್ ಹೋಯಿತು. ಅವತ್ತು ಅವಲಕ್ಕಿ ಒಗ್ಗರಣೆ ಹಾಕಿಕೊಂಡಿದ್ದೆ, ತಿಂದೆ. ತಟ್ಟೆ ತೊಳೆದಿಟ್ಟೆ. ಮಾರನೆಯ ದಿನ ಎಂದಿನಂತೆ ಲಾಗಿನ್ ಆದೆ. 'ನಿಮ್ಮ ವಿನಂತಿಯನ್ನು ಸ್ವೀಕರಿಸಲಾಗಿದೆ' ಅನ್ನುವುದನ್ನು ಇನ್ನೂ ಚಿಕ್ಕದಾಗಿ ಹೇಳುವುದು ಹೇಗೆ ಅಂತ ಒಂದು ಗಂಟೆ ಚರ್ಚೆ ಮಾಡಿದೆವು. ಬ್ಲಾಗಿನ ಕಡೆ ತಿರುಗಿ ನೋಡಲಿಲ್ಲ. ಅಳು ಬರುತ್ತದೇನೋ ಅಂತ ಕಾದೆ. ಬರಲಿಲ್ಲ. ಕೈಕಾಲಿಗೆ ಜೋಮು ಹಿಡಿದಾಗ ಮುಟ್ಟಿದರೂ ಗೊತ್ತಾಗುವುದಿಲ್ಲವಲ್ಲ, ಒಳಗೆಲ್ಲ ಹಾಗೆ.

ಆಷಾಢದಲ್ಲಿ ಭಾವ ಫೋನ್ ಮಾಡಿದ. "ಅಂಗಡಿ ತೆಗೀಬೇಕು ಕಣೋ ಮಂಜು. ಅವಳ ಕುರ್ಚೀಲಿ ಕೂರಕ್ಕೆ ನನ್ ಕೈಲಾಗಲ್ಲ. ಹೊಸಬರನ್ನ ಕೂರಿಸೋಕೂ ಮನಸಿಲ್ಲ. ನೀನು ಬಾ."

ಹೋದೆ.

ಕಡೂರಿನ ಆಷಾಢ ಅಂದರೆ ಮಳೆಗಿಂತ ಗಾಳಿ. ಬೆಟ್ಟದ ಕಡೆಯ ಮೋಡವೆಲ್ಲ ನಮ್ಮ ತಲೆ ಮೇಲೆ ಹಾದು, ನಮಗೆ ನಾಲ್ಕು ಹನಿ ಉದುರಿಸಿ, ಮುಂದೆ ಹೋಗುತ್ತದೆ. ಕಟ್ಟಿದ ಫ್ಲೆಕ್ಸುಗಳೆಲ್ಲ ಹರಿದು ಪಟಪಟ ಅನ್ನುತ್ತವೆ. ಅಕ್ಕನ ಕುರ್ಚಿಯಲ್ಲಿ ಕೂತರೆ ಅದೊಂದೇ ಸದ್ದು. ಅವಳ ಕಂಪ್ಯೂಟರಿನಲ್ಲಿ ಫೋಲ್ಡರುಗಳು ಅವಳದೇ ಹೆಸರಿನಲ್ಲಿ ಇದ್ದವು. 'ಮದುವೆ', 'ಮನೆ', 'ದುಃಖ'. ದುಃಖವನ್ನು ತೆರೆದರೆ ದುಃಖ ಒಂದು, ದುಃಖ ಎರಡು, ದುಃಖ ಮೂರು. ಮೊದಲನೆಯದು ಗಂಡಸರಿಗೆ, ಎರಡನೆಯದು ಹೆಂಗಸರಿಗೆ, ಮೂರನೆಯದು ವಯಸ್ಸಾಗುವ ಮೊದಲೇ ಹೋದವರಿಗೆ. 'ಸರಳ ಸಜ್ಜನಿಕೆಯ, ಸದಾ ಹಸನ್ಮುಖಿಗಳಾದ' ಅಂತ ಶುರುವಾಗಿ 'ತುಂಬಲಾರದ ನಷ್ಟ'ದಲ್ಲಿ ಮುಗಿಯುತ್ತಿತ್ತು. ಹೆಸರು, ಊರು ಬದಲಾಯಿಸಿದರೆ ಆಯಿತು. ನನಗೆ ಆಗ ಅಂಥದ್ದೇ ಕೆಲಸ ಬೇಕಿತ್ತು.

ಅಂಗಡಿಯ ವಾಟ್ಸಾಪು ಅಕ್ಕನ ನಂಬರಿನಲ್ಲೇ ಇತ್ತು. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ತಾಲ್ಲೂಕಿಗೆ ಗೊತ್ತಿದ್ದ ನಂಬರು, ಹೇಗೆ ಬದಲಾಯಿಸುವುದು? ಹಾಗಾಗಿ ತೀರಿಕೊಂಡವರ ಫೋಟೋಗಳೆಲ್ಲ ತೀರಿಕೊಂಡ ಅಕ್ಕನ ಫೋನಿಗೇ ಬರುತ್ತಿದ್ದವು. "ಅಕ್ಕ ನಮ್ಮ ತಂದೆ ಫೋಟೋ ಕಳ್ಸಿದೀನಿ, ನಾಳೆ ಬೇಕು." ನಾನು "ಸರಿ" ಅಂತ ಒತ್ತುತ್ತಿದ್ದೆ. ಆ ಕಡೆಯವರಿಗೆ ಅಕ್ಕನೇ ಸರಿ ಅಂದಂತೆ.

ನಯಾಜನ ಬಗ್ಗೆ ಹೇಳಬೇಕು. ಅವನು ಮನೆಯಲ್ಲಿ ದಖ್ನಿ, ಅಂಗಡಿಯಲ್ಲಿ ನಮಗಿಂತ ಚೆನ್ನಾಗಿ ಕನ್ನಡ, ಕಂಪ್ಯೂಟರಿನ ಜೊತೆ ಇಂಗ್ಲಿಷ್ ಬೈಗುಳ. ಅವನ ಮುಖ್ಯ ಕೆಲಸ ಕೈ ತೆಗೆಯುವುದು. ನಮ್ಮ ಜನ ಒಬ್ಬರೇ ನಿಂತು ಫೋಟೋ ತೆಗೆಸಿಕೊಳ್ಳುವುದಿಲ್ಲ. ಸತ್ತ ಮೇಲೆ ಹುಡುಕಿದರೆ ಸಿಗುವುದು ಯಾರದೋ ಮದುವೆಯ ಗುಂಪಿನ ಫೋಟೋ. ಅದರಿಂದ ಒಬ್ಬರನ್ನು ಕತ್ತರಿಸಿ ತೆಗೆದರೆ ಹೆಗಲ ಮೇಲೆ ಇನ್ಯಾರದೋ ಕೈ ಉಳಿದುಬಿಡುತ್ತದೆ. ನಯಾಜ್ ಆ ಕೈಯನ್ನು ಅಳಿಸಿ ಅಲ್ಲಿಗೆ ಅಂಗಿಯ ಬಣ್ಣ ತುಂಬುತ್ತಿದ್ದ. "ಎಷ್ಟ್ ಜನದ ಕೈ ತೆಗ್ದಿದೀನಿ ಗೊತ್ತಾ ಮಂಜಣ್ಣ, ಪೊಲೀಸ್ರು ಕೇಳಿದ್ರೆ ಜೈಲೇ," ಅನ್ನುತ್ತಿದ್ದ. ನಾನು ನಗಬೇಕಾದಲ್ಲಿ ನಗುತ್ತಿದ್ದೆ.

ಕಾರ್ತಿಕದಲ್ಲಿ ಆ ತಪ್ಪು ಮಾಡಿದೆ.

ಹಿರೇನಲ್ಲೂರಿನ ಕಲ್ಲೇಶಪ್ಪ ಅನ್ನುವವರು ತಮ್ಮ ತೀರಿಕೊಂಡ ತಮ್ಮನ ಫೋಟೋ ಕಳಿಸಿದ್ದರು. ಫೋನಿನಲ್ಲಿ ಅದು ಪೂರ್ತಿ ಇಳಿದಿರಲಿಲ್ಲ. ನಾನು ಕಾಯದೆ, ಹೆಸರಿನ ಪಕ್ಕದಲ್ಲಿ ದುಂಡಗೆ ಕಾಣುವ ಚಿತ್ರವಿರುತ್ತದಲ್ಲ, ಅದನ್ನೇ ಎತ್ತಿ ಹಾಕಿದೆ. ಹಣೆಗೆ ವಿಭೂತಿ, ಹೆಗಲಿಗೆ ಟವಲು. ಸತ್ತವರು ಇವರೇ ಅಂದುಕೊಂಡೆ. ನಯಾಜನಿಗೂ ಅನುಮಾನ ಬರಲಿಲ್ಲ. ಅವರ ಕಡೆಯವನೊಬ್ಬ ಸಂಜೆ ಬಂದು ಸುರುಳಿ ಒಯ್ದು, ಮುಖವನ್ನೂ ನೋಡದೆ ಕತ್ತಲಲ್ಲೇ ಊರಿನ ಬಸ್ ಸ್ಟಾಪಿನಲ್ಲಿ ಕಟ್ಟಿಬಿಟ್ಟಿದ್ದ.

ಮಾರನೆಯ ದಿನ ಬೆಳಿಗ್ಗೆ ಫ್ಲೆಕ್ಸನ್ನು ಕಂಕುಳಲ್ಲಿ ಮಡಿಚಿಕೊಂಡು ಒಬ್ಬರು ಅಂಗಡಿಗೆ ಬಂದರು. ಹಣೆಗೆ ವಿಭೂತಿ, ಹೆಗಲಿಗೆ ಟವಲು.

"ಯಾರಪ್ಪ ಇಲ್ಲಿ ಕಂಪೋಸ್ ಮಾಡೋನು?"

"ನಾನೇ ಯಜಮಾನ್ರೇ."

"ನನ್ನ ಸ್ವಲ್ಪ ನೋಡು. ಚೆನ್ನಾಗ್ ನೋಡು. ಸತ್ತಂಗ್ ಕಾಣ್ತೀನಾ?"

ನಯಾಜ್ ಹಿಂದಿನಿಂದ ಪಿಸುಗುಟ್ಟಿದ. "ಕಾಲಿಗ್ ಬೀಳಿ ಮಂಜಣ್ಣ, ಬೇಗ."

"ಬೆಳಗ್ಗೆ ಡೈರಿಗೆ ಹಾಲು ತಗಂಡ್ ಹೋದ್ರೆ ಹೆಂಗಸ್ರು ಕ್ಯಾನ್ ಬಿಟ್ಟು ಓಡಿದ್ರು ಕಣಪ್ಪ! ನಮ್ ಬೀಗ್ರು ಪಂಚನಹಳ್ಳಿಯಿಂದ ಹಾರ ತಗಂಡ್ ಗಾಡೀಲಿ ಬಂದವ್ರೆ. ನನ್ನ ನೋಡಿ, ಈ ಹಾರ ಏನ್ ಮಾಡೋದು ಅಂತ ನನ್ನೇ ಕೇಳ್ತಾರೆ!"

ಭಾವ ಓಡಿಬಂದು ಕುರ್ಚಿ ಹಾಕಿದ, ಚಹಾ ತರಿಸಿದ, ಬೇರೆ ಮಾಡಿಕೊಡ್ತೀವಿ ಅಂದ. ಕಲ್ಲೇಶಪ್ಪ ಚಹಾ ಕುಡಿಯುತ್ತಾ ಫ್ಲೆಕ್ಸನ್ನು ನೆಲಕ್ಕೆ ಹಾಸಿ ತಮ್ಮ ಶ್ರದ್ಧಾಂಜಲಿಯನ್ನು ತಾವೇ ಓದತೊಡಗಿದರು. "ಸದಾ ಹಸನ್ಮುಖಿ... ಹ್ಞೂಂ. ನಮ್ಮನೆಯವಳನ್ನ ಒಂದ್ಸಲ ಕೇಳಿ ಹಾಕ್ಬೇಕಾಗಿತ್ತು ಇದನ್ನ." ನಯಾಜ್ ಮಷೀನಿನ ಹಿಂದೆ ಹೋಗಿ ನಕ್ಕ. ಅವರು ಮಾತ್ರ ನಗಲಿಲ್ಲ. ಓದಿ ಮುಗಿಸಿ ನನ್ನ ಕಡೆ ನೋಡಿದರು.

"ಫೋಟೋ ತಪ್ಪಿದ್ದು ಹೋಗ್ಲಿ ಬಿಡಪ್ಪ, ಮನುಷ್ಯ ತಪ್ತಾನೆ. ಆದ್ರೆ ನೋಡು, ಇದ್ರಲ್ಲಿ ಬರ್ದಿರೋದು ನನಗೂ ಆಗ್ತದೆ, ನನ್ ತಮ್ಮಂಗೂ ಆಗ್ತದೆ, ಅಗೋ ಆ ರಸ್ತೇಲ್ ಹೋಗ್ತಾವನಲ್ಲ, ಅವಂಗೂ ಆಗ್ತದೆ. ಅಂದ್ರೆ ಇದು ಯಾರ್ದೂ ಅಲ್ಲ."

ಎಂಟು ವರ್ಷ ಬ್ಲಾಗ್ ಬರೆದವನಿಗೆ ಇಂಥ ವಿಮರ್ಶೆ ಯಾರೂ ಮಾಡಿರಲಿಲ್ಲ.

"ನಿಮ್ಮ ತಮ್ಮ ಹೆಂಗಿದ್ರು?" ಅಂತ ಕೇಳಿದೆ.

"ಹೆಂಗಿದ್ದ ಅಂದ್ರೆ... ಏನೂ ಮಾಡ್ಲಿಲ್ಲ ಅವ್ನು. ತೋಟ ನೋಡ್ಕಂಡಿದ್ದ, ಅಷ್ಟೇ." ಲೋಟ ಕೆಳಗಿಟ್ಟರು. "ಒಂದ್ ಮಾತ್ರ. ಬಸ್ಸು ಬಂದ್ರೆ ಓಡ್ತಾ ಹೋಗಿ ಕಿಟಕೀಲಿ ಟವಲ್ ಎಸ್ದು ಸೀಟ್ ಹಿಡಿಯೋನು. ತಾನ್ ಕೂರ್ತಿರ್ಲಿಲ್ಲ. ಯಾರಾದ್ರೂ ಮುದುಕ್ರು, ಬಸ್ರಿ ಹೆಂಗಸ್ರು ಬಂದ್ರೆ, ಕೂರವ್ವ ಅಂತ ಟವಲ್ ತೆಗೆಯೋನು. ಎಷ್ಟೋ ಸಲ ಅವನಿಗೆ ಆ ಬಸ್ಸಲ್ಲಿ ಹೋಗೋ ಕೆಲ್ಸಾನೇ ಇರ್ತಿರ್ಲಿಲ್ಲ."

ನಾನು ಕೂತು 'ದುಃಖ ಒಂದು' ಅಳಿಸಿ ಬರೆದೆ: 'ಹಿರೇನಲ್ಲೂರು ಬಸ್ಸಿಗೆ ಟವಲ್ ಎಸೆದು ನಮಗೆಲ್ಲ ಸೀಟು ಹಿಡಿದುಕೊಟ್ಟವರು.' ಕಲ್ಲೇಶಪ್ಪ ಪರದೆಯನ್ನು ದಿಟ್ಟಿಸಿ ನೋಡಿದರು. ಟವಲಿನಿಂದ ಮುಖ ಒರೆಸಿಕೊಂಡರು. ಹೋಗುವಾಗ ತಮ್ಮ ಫ್ಲೆಕ್ಸನ್ನೂ ಬಿಡದೆ ಎತ್ತಿಕೊಂಡರು. "ಕೊಬ್ಬರಿ ರಾಶಿ ಮೇಲೆ ಹೊದಿಸಕ್ಕಾಗ್ತದೆ. ಹೆಂಗೂ ಬೇಕಾಗೋದೇ."

ಆ ಫ್ಲೆಕ್ಸು ಎದ್ದ ವಾರಕ್ಕೆ ಜನ ಬರತೊಡಗಿದರು. "ಆ ಟವಲ್ ಲೈನ್ ಹಾಕಿದೀರಲ್ಲ, ಹಂಗೆ ನಮ್ಮಪ್ಪಂಗೊಂದು." ನಾನು ಕೇಳುತ್ತಿದ್ದೆ, ಅವರು ಹೇಳುತ್ತಿದ್ದರು. ತರೀಕೆರೆಯ ಲೈನ್‌ಮನ್ ಒಬ್ಬರಿಗೆ, 'ಕರೆಂಟು ಹೋದಾಗ ನಮ್ಮ ಬೀದಿ ಕೂಗುತ್ತಿದ್ದ ಹೆಸರು.' ಪಂಚನಹಳ್ಳಿಯ ಹೆಂಗಸೊಬ್ಬರಿಗೆ, 'ಯಾರ ಬೋರು ಕೆಟ್ಟರೂ ತಮ್ಮ ಪೈಪು ಎಳೆದುಕೊಟ್ಟವರು.' ನಯಾಜ್ ಒಂದು ದಿನ ತಲೆ ಕೆರೆದುಕೊಂಡು ಬಂದ. "ನಮ್ಮಲ್ಲಿ ಫೋಟೋ ಗೀಟೋ ಹಾಕಲ್ಲ ಮಂಜಣ್ಣ. ಆದ್ರೂ ಅಜ್ಜಂಪುರದ ನಮ್ ನಾನಿಗೆ, ಅಂದ್ರೆ ನಮ್ಮಮ್ಮನ ಅಮ್ಮಂಗೆ, ಒಂದ್ ಲೈನ್ ಬರ್ಕೊಡಿ, ಸ್ಟೇಟಸ್ ಇಟ್ಕೋತೀನಿ." ನಾನಿ ಏನು ಮಾಡುತ್ತಿದ್ದರು ಅಂದೆ. "ಬೀದೀಲಿ ಯಾವ್ ಮಗು ಅಂಗಿ ಗುಂಡಿ ಕಿತ್ಹೋಗಿದ್ರೂ ಹಿಡ್ಕಂಡು ಹೊಲ್ದ್ ಬಿಡೋರು. ಅದೂ ಅಂಗಿ ಬಿಚ್ಸದೇನೇ." ಬರೆದುಕೊಟ್ಟೆ.

ಬಸ್ಸಿಗೆ ಕಾಯುವವರು ಓದಿದರು, ಮೊಬೈಲಿನಲ್ಲಿ ತೆಗೆದು ಒಬ್ಬರಿಗೊಬ್ಬರು ಕಳಿಸಿಕೊಂಡರು. ಎಂಟು ವರ್ಷದ ಬ್ಲಾಗಿಗೆ ಸಿಗದ ಓದುಗರು ಎಂಟು ಅಡಿಯ ಫ್ಲೆಕ್ಸಿಗೆ ಸಿಕ್ಕರು. ಖುಷಿಯಾಗಬೇಕಿತ್ತು. ಬೇರೆಯವರ ಅಪ್ಪ ಅಮ್ಮಂದಿರ ಬಗ್ಗೆ ಬರೆಯುವಾಗ ಎದುರು ಕೂತವರು ಅಳುತ್ತಿದ್ದರು, ನಾನು ಅಕ್ಷರದ ಸೈಜು ಸರಿಮಾಡುತ್ತಿದ್ದೆ. ಗಾಳಿ ನಿಂತು ಚಳಿ ಬಂತು, ಚಳಿ ಹೋಗಿ ಬಿಸಿಲು ಬಂತು. ಕಂಪನಿಯ ಕೆಲಸ ಯಾವಾಗಲೋ ಬಿಟ್ಟುಹೋಗಿತ್ತು. ಅದೂ ಗೊತ್ತಾಗಲಿಲ್ಲ.

ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ, ಮಷೀನಿನ ಪಕ್ಕ ಕೂತು ಉಣ್ಣುವಾಗ ಭಾವ ತಟ್ಟೆ ನೋಡುತ್ತಲೇ ಹೇಳಿದ. "ಅವಳದು ವರ್ಷ ಬಂತಲ್ಲ ಮಂಜು. ಆವಾಗ ಅಂಗಡೀನೇ ಮುಚ್ಚಿತ್ತು. ಊರಿಗೆಲ್ಲ ಹಾಕ್ತಿದ್ದೋಳಿಗೆ ಒಂದ್ ಫ್ಲೆಕ್ಸ್ ಇಲ್ಲದಂಗ್ ಹೋಯ್ತು. ಈ ಸಲ ಹಾಕೋಣ. ನೀನೇ ಬರಿ. ಒಂದೇ ಲೈನು."

"ಆಯ್ತು ಭಾವ."

ಬರೆಯಲಾಗಲಿಲ್ಲ.

ದಿನಾ ಬೆಳಿಗ್ಗೆ ಅಂಗಡಿ ತೆರೆದು, ಬೇರೆಯವರ ಕೆಲಸಕ್ಕೆ ಮೊದಲು ಒಂದು ಖಾಲಿ ಪುಟ ತೆರೆಯುತ್ತಿದ್ದೆ. 'ಅಮ್ಮನಂತೆ ಸಾಕಿದವಳು' ಅಂತ ಬರೆದೆ. ಅದು ಎಲ್ಲ ಅಕ್ಕಂದಿರಿಗೂ ಆಗುತ್ತದೆ. 'ಸಾವಿರಾರು ಮನೆಯ ದುಃಖಕ್ಕೆ ಅಕ್ಷರ ಜೋಡಿಸಿದವಳು' ಅಂತ ಬರೆದೆ. ಬ್ಲಾಗಿನ ವಾಸನೆ ಬಂತು. ಕಲ್ಲೇಶಪ್ಪ ಅಂಗಡಿ ಬಾಗಿಲಲ್ಲಿ ನಿಂತು 'ಯಾರ್ದೂ ಅಲ್ಲ' ಅಂದ ಹಾಗಾಗುತ್ತಿತ್ತು. ಊರವರನ್ನೆಲ್ಲ 'ಹೆಂಗಿದ್ರು' ಅಂತ ಕೇಳಿದವನಿಗೆ ನಾನೇ ಉತ್ತರ ಕೊಡಲಾಗುತ್ತಿಲ್ಲ. ಅವಳು ಹೇಗಿದ್ದಳು ಅಂದರೆ ಮೊದಲು ನೆನಪಾಗುವುದು ಯಾವುದು ಅಂತ ನನಗೆ ಗೊತ್ತಿತ್ತು. ಅದನ್ನು ನಾನೇ ಚಿಲಕ ಹಾಕಿ ಕೂರಿಸಿದ್ದೆ. ಭಾವ ಒಂದು ದಿನವೂ 'ಆಯ್ತಾ' ಅಂತ ಕೇಳಲಿಲ್ಲ. ಪರದೆಯ ಕಡೆ ನೋಡದೆ ಚಹಾದ ಲೋಟ ಇಟ್ಟು ಹೋಗುತ್ತಿದ್ದ.

ವರ್ಷದ ಕಾರ್ಯಕ್ಕೆ ಒಂದೇ ದಿನ ಉಳಿಯಿತು. ನಯಾಜ್ ಫೋಟೋ ಸಿದ್ಧ ಮಾಡಿಟ್ಟಿದ್ದ. ಹಿಂದೊಮ್ಮೆ ಜೀಪು ಮಾಡಿಕೊಂಡು ಹೆಬ್ಬೆ ಫಾಲ್ಸಿಗೆ ಹೋಗಿದ್ದಾಗಿನದು. ನೀರಿನ ಮುಂದೆ ಬಂಡೆಯ ಮೇಲೆ ಅಕ್ಕ ಬಾಯಿ ತೆರೆದು ನಗುತ್ತಿದ್ದಾಳೆ. ಜಾರುತ್ತದೆ ಅಂತ ಹೆದರಿ, ಹಿಡ್ಕಳೋ ಹಿಡ್ಕಳೋ ಅಂತ ನನ್ನನ್ನು ಪಕ್ಕಕ್ಕೆ ಕರೆದಿದ್ದಳು. ಈಗ ಅವಳನ್ನು ಮಾತ್ರ ಕತ್ತರಿಸಿದ್ದರಿಂದ ನಾನು ಇರಲಿಲ್ಲ. ಹೆಗಲ ಮೇಲೆ ಕೈ ಇತ್ತು. ಕಪ್ಪು ಪಟ್ಟಿಯ ವಾಚು ಕಟ್ಟಿದ್ದ ಕೈ.

ನಯಾಜ್ ಮೌಸ್ ಹಿಡಿದು ಅದರ ಮೇಲೆ ತಂದು ನಿಲ್ಲಿಸಿದ. ತಮಾಷೆ ಮಾಡಲಿಲ್ಲ.

"ಕೈ ತೆಗೀಲಾ ಮಂಜಣ್ಣ?"

"ಇರ್ಲಿ."

"ಲೈನು?"

ಅವನನ್ನು ಎಬ್ಬಿಸಿ ನಾನು ಕೂತೆ. 'ಭಾವಪೂರ್ಣ ಶ್ರದ್ಧಾಂಜಲಿ' ಅಳಿಸಿದೆ. ಹೆಸರು, ಕಾರ್ಯದ ದಿನ ಉಳಿಸಿದೆ. ನಡುವೆ ಇದ್ದುದರಲ್ಲೇ ದಪ್ಪ ಅಕ್ಷರದಲ್ಲಿ ಎರಡೇ ಪದ ಹೊಡೆದೆ.

ಊಟ ಆಯ್ತಾ?

ನಯಾಜ್ ಬಿಳಿ ಸುರುಳಿ ತಂದು ಏರಿಸಿದ. ಆಮೇಲೆ ಮಷೀನು ಶುರು ಮಾಡಿದ. ಅದು ಅತ್ತಿಂದಿತ್ತ ಓಡುತ್ತಾ ಅಕ್ಕನ ತಲೆಯಿಂದ ಶುರುಮಾಡಿ ಒಂದೊಂದೇ ಗೆರೆಯಾಗಿ ಅವಳನ್ನು ಇಳಿಸತೊಡಗಿತು. ನನ್ನ ಕೈ ಬಂತು. ಆಮೇಲೆ ಆ ಎರಡು ಪದ.

ಅಂಗಡಿಯ ಎದುರಿನ ಕಂಬಗಳಿಗೆ ಕಟ್ಟಿದೆವು. ಬೆಳಿಗ್ಗೆ ಭಾವ ಬಂದು ನೋಡಿದ. ನೋಡುತ್ತಲೇ ನಿಂತ. ಗಿರಾಕಿಗಳಿಗೆ ಕೇಳುವ ಹಾಗೆ ಹೆಂಡತಿಯ ಜೊತೆ ಒಂದು ಮಾತೂ ಆಡದ ಮನುಷ್ಯ ಮೆಲ್ಲಗೆ ಅಂದ, "ಆಯ್ತು ಕಣೇ." ಶಟರ್ ಎತ್ತಿ ಒಳಗೆ ಹೋದ.

ಸ್ಟ್ಯಾಂಡಿನ ಆಟೋದವರು ಮೊದಲು ಅದು ಹೋಟೆಲ್ ಜಾಹೀರಾತು ಅಂದುಕೊಂಡರಂತೆ. ಮುಖ ನೋಡಿದ ಮೇಲೆ ಗೊತ್ತಾಯಿತು. ಅಕ್ಕನ ಈ ಪ್ರಶ್ನೆ ಕೇಳಿಸಿಕೊಳ್ಳದವರು ಆ ಬೀದಿಯಲ್ಲಿ ಯಾರಿದ್ದರು? ಮಧ್ಯಾಹ್ನದ ಹೊತ್ತಿಗೆ ಒಬ್ಬ ಆಟೋ ನಿಧಾನ ಮಾಡಿ, ತಲೆ ಹೊರಗೆ ಹಾಕಿ, "ಆಯ್ತಕ್ಕೋ!" ಅಂತ ಕೂಗಿಕೊಂಡು ಹೋದ. ಬೀಡಾ ಅಂಗಡಿಯವನು, "ಸುಳ್ ಹೇಳ್ಬೇಡ್ವೋ, ಬರೀ ಬನ್ ತಿಂದಿದೀಯ," ಅಂದ. ಅವತ್ತಿನಿಂದ ಅದೊಂದು ರೂಢಿಯಾಯಿತು. ಶಾಲೆಯ ಹುಡುಗಿಯರು, ತರಕಾರಿ ಗಾಡಿಯವರು, ಹೋಗುತ್ತಾ ಬರುತ್ತಾ, "ಆಯ್ತಕ್ಕ," "ಇನ್ನೂ ಇಲ್ಲಕ್ಕ," "ಇವತ್ತು ಉಪವಾಸ ಕಣಕ್ಕ."

ನಾನು ಮಾತ್ರ ಹೇಳಲಿಲ್ಲ.

ಕಾರ್ಯದ ಊಟಕ್ಕೆ ಕಲ್ಲೇಶಪ್ಪ ಬಂದಿದ್ದರು. ಫ್ಲೆಕ್ಸಿನ ಕೆಳಗೆ ನಿಂತು ಕತ್ತೆತ್ತಿ ನೋಡಿದರು. ಆಮೇಲೆ ನನ್ನ ಮಣಿಕಟ್ಟು ನೋಡಿದರು.

"ನಿಂದೇನಪ್ಪಾ ಕೈ?"

"ಹೂಂ."

"ಇದು ಅವಳ್ದೇ ಬಿಡು," ಅಂದರು. "ಬೇರೆ ಯಾರಿಗೂ ಆಗಲ್ಲ."

ಜ್ಯೇಷ್ಠದ ಮೊದಲ ಮಳೆಗೆ ಭಾವನೇ ಹೇಳಿದ. "ಇನ್ನ ನಾನ್ ನಿಭಾಯಿಸ್ತೀನಿ ಕಣೋ. ನಯಾಜಂಗೆ ಕಂಪೋಸ್ ಹೇಳ್ಕೊಟ್ಟಿದೀಯಲ್ಲ. ನೀನು ನಿನ್ನ ದಾರಿ ನೋಡ್ಕೊ." ಹೊರಡುವ ದಿನ ನಯಾಜ್ ಸ್ಟೇಷನ್ನಿಗೆ ಬಿಡಲು ಗಾಡಿ ತಂದ. ಪ್ಲಾಟ್‌ಫಾರ್ಮಿನಲ್ಲಿ ನನ್ನ ಬ್ಯಾಗು ಬೆಂಚಿನ ಮೇಲಿಟ್ಟು, ಹೋಗದೆ ನಿಂತ.

"ಆ ಲೈನು, ಅಕ್ಕ ನಿಮ್ ಬ್ಲಾಗಿಗೆ ಬರೀತಿದ್ದಿದ್ದಲ್ವಾ?"

"ನಿಂಗ್ಹೆಂಗ್ ಗೊತ್ತು?"

"ನನ್ ಪಕ್ಕದಲ್ಲೇ ಕೂತು ಬರೀತಿದ್ರಲ್ಲ." ಆಮೇಲೆ ಕೇಳಿದ. "ಪೂರ್ತಿ ಓದಿದೀರಾ ಮಂಜಣ್ಣ?"

ಕೇಳಿದವನೇ ಗಾಡಿ ಸ್ಟಾರ್ಟ್ ಮಾಡಲು ಹೊರಗೆ ಹೋದ.

ಬೀರೂರಿನ ಕಡೆಯಿಂದ ರೈಲು ಬರಲು ಇನ್ನೂ ಹೊತ್ತಿತ್ತು. ಫೋನು ತೆಗೆದು, ಒಂದು ವರ್ಷದಿಂದ ಮುಟ್ಟದ ಬ್ಲಾಗಿನೊಳಗೆ ಹೋದೆ. ಕಾಯುತ್ತಿದ್ದವುಗಳ ಪಟ್ಟಿ ಬಂತು. ಉದ್ದಕ್ಕೂ ಅವಳದೇ ಹೆಸರು. 'ಓದಿದೆ. ಊಟ ಆಯ್ತಾ...' 'ಓದಿದೆ. ಊಟ ಆಯ್ತಾ...' ಒಂದನ್ನು ಒತ್ತಿದೆ. ತೆರೆಯಿತು. ಅದು ಅಲ್ಲಿಗೆ ಮುಗಿದಿರಲಿಲ್ಲ.

"ಓದಿದೆ. ಊಟ ಆಯ್ತಾ? ಮೆಟ್ರೋದಲ್ಲಿ ಆ ಅಜ್ಜಿ ಎಸ್ಕಲೇಟರ್ ಹತ್ತಕ್ಕೆ ಹೆದರಿದ್ದು ಚೆನ್ನಾಗಿ ಬರ್ದಿದೀಯ. ಆದ್ರೆ ನೀನು ಪಕ್ಕದಲ್ಲಿ ನಿಂತು ನೋಡ್ತಿದ್ದೆ ಅಂತ ಬರ್ದಿದೀಯಲ್ಲ, ಯಾಕೆ ನೋಡ್ತಿದ್ದೆ? ಕೈ ಹಿಡೀಬೇಕಾಗಿತ್ತು. ನಮ್ಮಜ್ಜಿ ಇದ್ದಿದ್ರೆ ಕೇಳಿರೋಳು, ಅವಳು ಹತ್ತಿದಳೋ ಇಲ್ವೋ ಅದು ಎಲ್ಲಿ ಬಂತು ಅಂತ."

ಇನ್ನೊಂದು. "ಓದಿದೆ. ಊಟ ಆಯ್ತಾ? ಒಂಟಿತನ ಅಂತ ಹದಿನಾಲ್ಕು ಸಲ ಬಂದಿದೆ, ಎಣಿಸಿದೀನಿ. ಮೊಸರಿನ ಪ್ಯಾಕೆಟ್ ಕಥೇಲಿ ಒಂದ್ಸಲಾನೂ ಬಂದಿರಲಿಲ್ಲ, ಆದ್ರೆ ನನಗೆ ಅಳು ಬಂದಿತ್ತು."

ಒಂದೊಂದರಲ್ಲೂ ಹೀಗೇ. ನಾನು ಬರೆದ ಸಾಲು ಸಾಲನ್ನೂ ಅವಳು ಹಿಡಿದು ನೋಡಿದ್ದಳು, ಬೀದಿಯ ಮಗುವಿನ ಅಂಗಿ ಹಿಡಿದು ಗುಂಡಿ ನೋಡುವ ಹಾಗೆ. ಪಟ್ಟಿಯ ಬುಡದಲ್ಲಿ, ಚಿಲಕ ಹಾಕಿದ ಶುರುವಿನ ದಿನಗಳದೊಂದು: "ಓದಿದೆ. ಊಟ ಆಯ್ತಾ? ಸರ್ವರ್ ಸರಿ ಇಲ್ಲ ಅಂದಿದ್ದೆಯಲ್ಲ. ನಯಾಜನ್ನ ಕೇಳಿದೆ. ಇದು ನಿನಗೊಬ್ಬನಿಗೇ ಕಾಣೋದಂತೆ, ನೀನು ಒಪ್ಪಿದ್ರೆ ಮಾತ್ರ ಬೇರೆಯೋರಿಗೆ ಅಂತ ಹೇಳ್ದ. ಒಳ್ಳೇದೇ ಆಯ್ತು ಬಿಡು. ಊರೆಲ್ಲ ಕೇಳೋ ಹಂಗೆ ನಿನ್ನ ಬೈಯೋದು ತಪ್ತು."

ಬಿಸಿಲಿಗೆ ಪರದೆ ಸರಿಯಾಗಿ ಕಾಣುತ್ತಿರಲಿಲ್ಲ. ಕೈ ಅಡ್ಡ ಹಿಡಿದುಕೊಂಡು ಕೊನೆಯದನ್ನು ತೆರೆದೆ. ವೈಶಾಖದ್ದು. "ಓದಿದೆ. ಊಟ ಆಯ್ತಾ? ನನಗೆ ಸ್ವಲ್ಪ ಜ್ವರ. ಬಾಯಿ ರುಚಿ ಇಲ್ಲ. ಮುಂದಿನ್ದು ಬೇಗ ಬರಿ."

ಒಂದೊಂದೇ ಒತ್ತತೊಡಗಿದೆ. ಪ್ರಕಟಿಸಿ. ಪ್ರಕಟಿಸಿ. ಕಡೂರು ಸ್ಟೇಷನ್ನಿನ ನೆಟ್‌ವರ್ಕಿಗೆ ಒಂದೊಂದಕ್ಕೂ ಒಂದು ಸುತ್ತು ತಿರುಗಬೇಕು. ಊರೆಲ್ಲ ಕೇಳಲಿ ಅಂದುಕೊಂಡೆ. ಆ ಬ್ಲಾಗಿನ ಕಡೆ ಆ ಹೊತ್ತಿಗೆ ಯಾರೂ ಬರುತ್ತಿರಲಿಲ್ಲ, ಅದು ಬೇರೆ ಮಾತು. ಅಳು ಆಗಲೂ ಬರಲಿಲ್ಲ. ಜೋಮು ಹಿಡಿದ ಕಾಲು ಊರಿದಾಗ ಸೂಜಿ ಚುಚ್ಚಿದ ಹಾಗಾಗುತ್ತದಲ್ಲ, ಅಷ್ಟು ಮಾತ್ರ ಆಗುತ್ತಿತ್ತು.

ಕೊನೆಯದರ ಕೆಳಗೆ ಉತ್ತರ ಬರೆಯುವ ಜಾಗ ತೆರೆದುಕೊಂಡಿತು. ಎಂಟು ವರ್ಷದಲ್ಲಿ ಅವಳಿಗೆ ಅಲ್ಲಿ ಒಂದು ಅಕ್ಷರ ಬರೆದಿರಲಿಲ್ಲ.

"ಇನ್ನೂ ಇಲ್ಲ ಅಕ್ಕ. ಈಗ ಮಾಡ್ತೀನಿ," ಅಂತ ಬರೆದು ಒತ್ತಿದೆ.

ಫೋನು ಜೇಬಿಗಿಟ್ಟು, ಭಾವ ಕಟ್ಟಿಕೊಟ್ಟಿದ್ದ ಡಬ್ಬಿ ಬ್ಯಾಗಿನಿಂದ ತೆಗೆದೆ. ಅಕ್ಕನ ಡಬ್ಬಿ. ಮುಚ್ಚಳ ಬಿಗಿಯಾಗಿತ್ತು. ತೊಡೆಯ ಮೇಲೆ ಇಟ್ಟುಕೊಂಡು ತೆಗೆದೆ. ಚಿತ್ರಾನ್ನ. ಡಬ್ಬಿಗೂ ಅಂಗಡಿಯ ವಾಸನೆ ಅಂಟಿತ್ತು. ರೈಲು ಬರುವಷ್ಟರಲ್ಲಿ ಪೂರ್ತಿ ತಿಂದೆ.